ಹೀಥ್ರೋದಲ್ಲಿ ಸ್ಪೇರ್ ಇಲ್ಲ: ಒಬ್ಬ ಬಸ್ ಸ್ಟ್ಯಾಂಡ್ ಕಂಟ್ರೋಲರ್ ಕಂಡ ಲಂಡನ್ ವಿಮಾನ ನಿಲ್ದಾಣ

ಮೂವತ್ತೊಂದು ವರ್ಷ ಸರ್ಕಾರಿ ಬಸ್ ಸ್ಟ್ಯಾಂಡಿನಲ್ಲಿ ಕೆಲಸ ಮಾಡಿದವನು ನಾನು. ಕೊನೆಯ ಹನ್ನೆರಡು ವರ್ಷ ಟ್ರಾಫಿಕ್ ಕಂಟ್ರೋಲರ್. ಯಾವ ಬಸ್ ಯಾವ ಪ್ಲಾಟ್‌ಫಾರಂಗೆ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ, ಇದೇ ಬದುಕು. 2025ರ ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಲಂಡನ್ನಿನ ಹೌನ್ಸ್ಲೋದಲ್ಲಿರುವ ಮಗಳ ಮನೆಗೆ ಹೋದೆವು. ಸೆಪ್ಟೆಂಬರ್ ಕೊನೆಯ ತನಕ ಇದ್ದೆವು. ಮನೆ ಇರುವುದು ಹೀಥ್ರೋಗೆ ಇಳಿಯುವ ವಿಮಾನಗಳ ಸಾಲಿನ ಕೆಳಗೇ. ಹಾಗಾಗಿ ಈ ನಿಲ್ದಾಣವನ್ನು ಪ್ರಯಾಣಿಕನಾಗಿ ಒಳಗಿನಿಂದಲೂ ನೋಡಿದೆ, ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನಿಂದಲೂ ನೋಡಿದೆ. ನಮ್ಮೂರಿನಿಂದ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸೌಲಭ್ಯದ ಮಾತು. ಒಳಗಿನ ವ್ಯವಸ್ಥೆಗೆ ನನ್ನ ಕಡೆಯಿಂದ ಪೂರ್ತಿ ಅಂಕ. ಹಳದಿ ಬೋರ್ಡು ಹಿಡಿದು ನಡೆದರೆ ಸಾಕು, ಇಂಗ್ಲಿಷ್ ಅಷ್ಟಾಗಿ ಬರದವರೂ ದಾರಿ ತಪ್ಪುವುದಿಲ್ಲ. ನಮ್ಮ ಮನೆಯವರಿಗೆ ಮಂಡಿನೋವು. ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿದ್ದೆವು. ವಿಮಾನದ ಬಾಗಿಲಲ್ಲೇ ಒಬ್ಬ ಪಂಜಾಬಿ ಹೆಣ್ಣುಮಗಳು ಕಾಯುತ್ತಿದ್ದಳು. ‘ಆಂಟೀಜಿ’ ಅಂತ ಮಾತಾಡಿಸುತ್ತಾ ಇಮಿಗ್ರೇಶನ್ ದಾಟಿಸಿ, ಬ್ಯಾಗ್ ತೆಗೆದುಕೊಟ್ಟು, ಮಗಳ ಕೈಗೆ ಒಪ್ಪಿಸಿಯೇ ಹೋದಳು. ಮನೆಗೆ ಹೋಗಲು ಪಿಕಡಿಲಿ ಲೈನಿನ ರೈಲಿದೆ, 111 ನಂಬರ್ ಬಸ್ಸೂ ಇದೆ. ಟರ್ಮಿನಲ್‌ಗಳ ನಡುವೆಯೇ ದೊಡ್ಡ ಬಸ್ ಸ್ಟ್ಯಾಂಡ್ ಇದೆ. ಮಗಳನ್ನು ಕಾಯಿಸಿ ಅಲ್ಲಿ ಹತ್ತು ನಿಮಿಷ ನಿಂತೆ. ಹಳೇ ಚಾಳಿ, ಬಿಡಲ್ಲ.

ಇನ್ನು ಅಸಲಿ ವಿಷಯ.

ಇಳಿಯುವ ಮುಂಚೆ ನಮ್ಮ ವಿಮಾನ ಆಕಾಶದಲ್ಲಿ ಎರಡು ಸುತ್ತು ಹಾಕಿತು. ನಮ್ಮ ಮನೆಯವರು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ಇದು ಅಲ್ಲಿ ದಿನನಿತ್ಯದ ಪದ್ಧತಿ ಅಂತ ಆಮೇಲೆ ಅಳಿಯ ಹೇಳಿದರು. ಬೊವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್ ಅಂತ ಲಂಡನ್ ಸುತ್ತ ನಾಲ್ಕು ಕಾಯುವ ಜಾಗಗಳಿವೆ. ವಿಮಾನಗಳು ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಅಂತರದಲ್ಲಿ ಸುತ್ತುತ್ತಾ ಇರುತ್ತವೆ. ಕೆಳಗಿನದು ಇಳಿಯಲು ಹೊರಟರೆ ಮೇಲಿನದು ಒಂದು ಮೆಟ್ಟಿಲು ಕೆಳಗೆ ಬರುತ್ತದೆ. ಕೇಳಿದ ತಕ್ಷಣ ನನಗೆ ಅರ್ಥವಾಯಿತು. ಸ್ಟ್ಯಾಂಡ್ ತುಂಬಿದಾಗ ನಾವು ಬಸ್ಸುಗಳನ್ನು ಹೊರಗಿನ ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸುತ್ತಿದ್ದೆವಲ್ಲ, ಅದೇ ಇದು. ಆದರೆ ಬಸ್ಸು ಇಂಜಿನ್ ಆರಿಸಿ ನಿಲ್ಲಬಹುದು. ವಿಮಾನ ಡೀಸೆಲ್... ಅಲ್ಲ, ಇಂಧನ ಸುಡುತ್ತಲೇ ಕಾಯಬೇಕು.

ಹೀಥ್ರೋಗೆ ಎರಡೇ ರನ್‌ವೇ. ವರ್ಷಕ್ಕೆ 4,80,000 ಹಾರಾಟ ಮೀರಬಾರದು ಅಂತ ಐದನೇ ಟರ್ಮಿನಲ್‌ಗೆ ಒಪ್ಪಿಗೆ ಕೊಡುವಾಗಲೇ ಷರತ್ತು ಹಾಕಿದ್ದಾರೆ. ಆ ಮಿತಿಯಲ್ಲಿ ಶೇ. 98ಕ್ಕೂ ಹೆಚ್ಚು ತುಂಬಿಹೋಗಿದೆ. 2024ರಲ್ಲಿ 8.39 ಕೋಟಿ ಜನ ಇಲ್ಲಿಂದ ಓಡಾಡಿದ್ದಾರೆ. ಇಳಿಯಲು ಏರಲು ಸಿಗುವ ಟೈಮಿಗೆ ಸ್ಲಾಟ್ ಅನ್ನುತ್ತಾರೆ. ನಮ್ಮಲ್ಲಿ ಪ್ರೈವೇಟ್ ಬಸ್ಸಿನವರಿಗೆ ಪರ್ಮಿಟ್ಟು, ಟೈಮಿಂಗ್ ಎಷ್ಟು ಮುಖ್ಯವೋ ಅವರಿಗೆ ಈ ಸ್ಲಾಟ್ ಅಷ್ಟು ಮುಖ್ಯ. 2016ರಲ್ಲಿ ಒಮಾನ್ ಏರ್ ಒಂದು ಜೊತೆ ಸ್ಲಾಟಿಗೆ ಏಳೂವರೆ ಕೋಟಿ ಡಾಲರ್ ಕೊಟ್ಟಿತು ಅನ್ನೋದು ದೊಡ್ಡ ಸುದ್ದಿಯಾಗಿತ್ತು. ಒಂದು ಇಳಿಯೋದು, ಒಂದು ಏರೋದು, ಅಷ್ಟಕ್ಕೆ!

ಹ್ಯಾಟನ್ ಕ್ರಾಸ್ ಸ್ಟೇಷನ್ ಹತ್ತಿರ ಮರ್ಟಲ್ ಅವೆನ್ಯೂ ಅಂತ ಒಂದು ಸಣ್ಣ ಬೀದಿ ಇದೆ. ಬೀದಿ ಮುಗಿಯುವಲ್ಲಿ ಹುಲ್ಲಿನ ಒಂದು ತುಂಡು ಜಾಗ. ದಕ್ಷಿಣದ ರನ್‌ವೇಗೆ ಇಳಿಯುವ ವಿಮಾನಗಳು ಅಲ್ಲಿ ಮನೆಗಳ ಹೆಂಚಿನ ಮೇಲೆಯೇ ಬರುತ್ತವೆ. ಫ್ಲಾಸ್ಕಿನಲ್ಲಿ ಟೀ, ಕುತ್ತಿಗೆಗೆ ಕ್ಯಾಮೆರಾ, ಮಡಚುವ ಕುರ್ಚಿ, ಹೀಗೆ ಜನ ಬಂದು ಕೂತಿರುತ್ತಾರೆ. ಮೊಮ್ಮಗನ ಜೊತೆ ನಾನು ಆರೇಳು ಸಲ ಹೋದೆ. ಚಕ್ರಗಳು ತಲೆಯ ಮೇಲೆ ಹಾದುಹೋಗುತ್ತವೆ, ಟೈರಿನ ಮೇಲಿನ ಸವೆತ ಕಾಣುತ್ತದೆ. ದಾಟಿದ ಮೇಲೆ ಒಂದು ಕ್ಷಣ ನಿಶ್ಶಬ್ದ, ಆಮೇಲೆ ಗಾಳಿಯಲ್ಲಿ ಚಾಟಿ ಬೀಸಿದ ಹಾಗೆ ಸುಯ್ಯೆನ್ನುವ ಸದ್ದು. ನಾನು ವಾಚು ಹಿಡಿದು ಕೂತೆ. ತೊಂಬತ್ತು ಸೆಕೆಂಡು. ಎಂಬತ್ತೈದು. ತೊಂಬತ್ತೈದು. ಮತ್ತೆ ಎಂಬತ್ತೈದು. ಒಂದು ವಿಮಾನ ರನ್‌ವೇ ಬಿಟ್ಟು ಹೊರಳುವಷ್ಟರಲ್ಲಿ ಹಿಂದಿನದು ನೆಲ ಮುಟ್ಟುತ್ತದೆ. ಇದನ್ನು ದಿನವಿಡೀ ತಪ್ಪಿಲ್ಲದೆ ನಡೆಸುವ ಕಂಟ್ರೋಲರ್‌ಗಳಿಗೆ ಆ ಹುಲ್ಲಿನ ಮೇಲೆ ಕೂತೇ ಕೈ ಮುಗಿದೆ. ಆ ಕೆಲಸದ ಭಾರ ಮಾಡಿದವನಿಗೇ ಗೊತ್ತು.

ಆದರೆ ಅಲ್ಲೇ ನನ್ನ ಹೊಟ್ಟೆಯಲ್ಲಿ ಒಂದು ಸಂಕಟವೂ ಶುರುವಾಯಿತು. ಕಾರಣ ಹೇಳುತ್ತೇನೆ.

ನಾನಿದ್ದ ಒಂದು ಸ್ಟ್ಯಾಂಡಿನಲ್ಲಿ, ಊರಿನ ಹೆಸರು ಬೇಡ, ಹದಿನಾಲ್ಕು ಪ್ಲಾಟ್‌ಫಾರಂ ಇದ್ದವು. ಹತ್ತಿರದಲ್ಲಿ ಒಂದು ದೊಡ್ಡ ಜಾತ್ರೆ. ಜನರ ಒತ್ತಡ ಜಾಸ್ತಿ ಅಂತ ಪ್ರತಿ ಪ್ಲಾಟ್‌ಫಾರಂಗೂ ಬಸ್ಸಿನ ಹಿಂದೆ ಬಸ್ಸು ಟೈಮ್ ಹಾಕಿದೆವು. ಕಾಗದದ ಮೇಲೆ ನೋಡಲು ಚೆನ್ನಾಗಿತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸಿನ ಟೈರ್ ಒಡೆಯಿತು. ಇಪ್ಪತ್ತು ನಿಮಿಷ ಅಷ್ಟೇ. ಆ ಇಪ್ಪತ್ತು ನಿಮಿಷ ಸಂಜೆ ತನಕ ತೀರಲಿಲ್ಲ. ಹನ್ನೊಂದು ಟ್ರಿಪ್ ಕಟ್ ಮಾಡಿದೆವು. ರಾತ್ರಿ ಕೊನೆಯ ಹಳ್ಳಿ ಬಸ್ಸೂ ಹೋಗಲಿಲ್ಲ. ಕೂಸು ಎತ್ತಿಕೊಂಡ ಒಬ್ಬ ತಾಯಿ ಬೆಳಗಿನ ತನಕ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತಿದ್ದರು. ಆ ಮುಖ ಇವತ್ತಿಗೂ ಮರೆತಿಲ್ಲ. ಡಿಪೋದಲ್ಲಿ ನೂರು ಶೆಡ್ಯೂಲ್ ಇದ್ದರೆ ನೂರೇ ಬಸ್ ಇಟ್ಟುಕೊಳ್ಳುವುದಿಲ್ಲ, ಸ್ಪೇರ್ ಇಡುತ್ತೇವೆ. ಬಸ್ಸಿಗೆ ಸ್ಪೇರ್ ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಟೈಮಿಗೂ ಸ್ಪೇರ್ ಬೇಕು ಅನ್ನೋದು ಆ ದಿನ ತಿಳಿಯಿತು.

ಹೀಥ್ರೋದಲ್ಲಿ ಆ ಸ್ಪೇರ್ ಇಲ್ಲ. ಮಂಜು ಬಿದ್ದು ವಿಮಾನಗಳ ನಡುವಿನ ಅಂತರ ಸ್ವಲ್ಪ ಜಾಸ್ತಿ ಮಾಡಿದರೂ ದಿನವೆಲ್ಲಾ ಏರುಪೇರು. ಎದುರುಗಾಳಿ ಜೋರಾಗಿದ್ದಾಗ ಹೊತ್ತು ನಷ್ಟವಾಗಬಾರದು ಅಂತ 2015ರಿಂದ ವಿಮಾನಗಳ ನಡುವೆ ಮೈಲಿಯ ಬದಲು ಸೆಕೆಂಡುಗಳ ಲೆಕ್ಕದಲ್ಲಿ ಅಂತರ ಇಡುತ್ತಿದ್ದಾರೆ. ಒಳ್ಳೆಯ ಉಪಾಯ. ಆದರೂ ಅದು ಇರುವುದರಲ್ಲೇ ಹಿಂಡಿ ತೆಗೆದ ರಸ. 2025ರ ಮಾರ್ಚ್ 20ರ ರಾತ್ರಿ ಹೇಯ್ಸ್‌ನ ನಾರ್ತ್ ಹೈಡ್ ವಿದ್ಯುತ್ ಉಪಕೇಂದ್ರದಲ್ಲಿ ಬೆಂಕಿ ಬಿದ್ದು ಮರುದಿನ ಹೀಥ್ರೋ ಹೆಚ್ಚುಕಮ್ಮಿ ಇಡೀ ದಿನ ಮುಚ್ಚಿತ್ತು. ಸಾವಿರಕ್ಕೂ ಹೆಚ್ಚು ಹಾರಾಟಗಳಿಗೆ ತೊಂದರೆಯಾಯಿತು. ನಾವು ಹೋಗುವ ಹೊತ್ತಿಗೆ ಎರಡು ತಿಂಗಳಾಗಿತ್ತು, ಜನ ಇನ್ನೂ ಅದನ್ನೇ ಮಾತಾಡುತ್ತಿದ್ದರು.

ಹಾಗಾದರೆ ಇವರು ಏನೂ ಮಾಡಿಲ್ವಾ? ಮಾಡಿದ್ದಾರೆ, ವರದಿಗಳನ್ನು. ಲಂಡನ್ನಿಗೆ ಮೂರನೇ ನಿಲ್ದಾಣ ಎಲ್ಲಿ ಅಂತ ಹುಡುಕಲು 1968ರಲ್ಲೇ ರಾಸ್ಕಿಲ್ ಆಯೋಗ ನೇಮಿಸಿದ್ದರು. ಅದು ಕಬ್ಲಿಂಗ್ಟನ್ ಅಂದಿತು, ಸರ್ಕಾರ ಸಮುದ್ರದ ದಂಡೆಯ ಮ್ಯಾಪ್ಲಿನ್ ಅಂದಿತು, 1974ರಲ್ಲಿ ಅದನ್ನೂ ಕೈಬಿಟ್ಟರು. 2012ರಲ್ಲಿ ಹೋವರ್ಡ್ ಡೇವಿಸ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಬಂತು. ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ಹೊಸ ನಿಲ್ದಾಣ ಕಟ್ಟಬೇಕು ಅನ್ನೋದು ಆಗ ಲಂಡನ್ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಅವರ ಆಸೆ. ವಿಪರೀತ ಖರ್ಚು, ಲಕ್ಷಾಂತರ ಹಕ್ಕಿಗಳ ನೆಲೆ, ಹೀಥ್ರೋವನ್ನೇ ಮುಚ್ಚಬೇಕಾದ ಪರಿಸ್ಥಿತಿ. 2014ರ ಸೆಪ್ಟೆಂಬರ್‌ನಲ್ಲಿ ಆಯೋಗ ಅದನ್ನು ಪಟ್ಟಿಯಿಂದ ತೆಗೆಯಿತು. ಉಳಿದದ್ದು ಮೂರು. ಹೀಥ್ರೋಗೆ ವಾಯುವ್ಯದಲ್ಲಿ ಮೂರನೇ ರನ್‌ವೇ. ಇಲ್ಲವೇ ಈಗಿನ ಉತ್ತರದ ರನ್‌ವೇಯನ್ನೇ ಉದ್ದ ಮಾಡಿ ಎರಡಾಗಿ ಬಳಸುವುದು. ಇಲ್ಲವೇ ಲಂಡನ್ನಿನ ಇನ್ನೊಂದು ನಿಲ್ದಾಣವಾದ ಗ್ಯಾಟ್ವಿಕ್‌ಗೆ ಎರಡನೇ ರನ್‌ವೇ. 2015ರ ಜುಲೈ 1ರಂದು ಆಯೋಗ ಮೊದಲನೆಯದಕ್ಕೆ ಬೆರಳು ತೋರಿಸಿತು. 2018ರಲ್ಲಿ ಸಂಸತ್ತು 415 - 119 ಮತಗಳಿಂದ ಒಪ್ಪಿತು. 2020ರ ಫೆಬ್ರವರಿಯಲ್ಲಿ ಒಂದು ಕೋರ್ಟು ಬೇಡ ಅಂದಿತು, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಇಷ್ಟರಲ್ಲಿ ನನ್ನ ಮೊಮ್ಮಗ ಹುಟ್ಟಿ ಶಾಲೆಗೆ ಸೇರಿದ.

ನಾವು ಅಲ್ಲಿದ್ದಾಗಲೇ, ಆಗಸ್ಟ್‌ನಲ್ಲಿ, ಹೀಥ್ರೋ ಹೊಸ ಯೋಜನೆ ಸಲ್ಲಿಸಿತು. 3,500 ಮೀಟರ್ ರನ್‌ವೇ, ಅದರ ಕೆಳಗೆ ಸುರಂಗದಲ್ಲಿ ಎಂ25 ಹೆದ್ದಾರಿ, ಹೊಸ ಟರ್ಮಿನಲ್, ಎಲ್ಲಾ ಸೇರಿ 49 ಬಿಲಿಯನ್ ಪೌಂಡ್. ಹೆದ್ದಾರಿ ಮುಟ್ಟದ ಹಾಗೆ 2,800 ಮೀಟರ್ ಸಾಕು ಅಂತ ಹೋಟೆಲ್ ಉದ್ಯಮದ ಅರೋರಾ ಗ್ರೂಪ್ ಬೇರೆ ಯೋಜನೆ ಕೊಟ್ಟಿತು. ನವೆಂಬರ್‌ನಲ್ಲಿ ಸರ್ಕಾರ ಹೀಥ್ರೋ ಯೋಜನೆಯನ್ನೇ ಮುಂದಿನ ಪರಿಶೀಲನೆಗೆ ಆರಿಸಿಕೊಂಡಿತು.

ನನಗೆ ಮನಸ್ಸಿಗೆ ಬಂದದ್ದು ಗ್ಯಾಟ್ವಿಕ್ ದಾರಿ. ಒಂದೇ ರನ್‌ವೇ ಇಟ್ಟುಕೊಂಡು ಗಂಟೆಗೆ 55 ಹಾರಾಟ ನಡೆಸುವ ಜಾಗ ಅದು. ಪಕ್ಕದಲ್ಲೇ ಒಂದು ಬದಲಿ ರನ್‌ವೇ ಇದೆ. ಮುಖ್ಯ ರನ್‌ವೇಗೆ ತೀರಾ ಹತ್ತಿರ ಇರುವುದರಿಂದ ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ. ಅದನ್ನು 12 ಮೀಟರ್ ಉತ್ತರಕ್ಕೆ ಸರಿಸಿದರೆ ಬಳಸಬಹುದು. ಹನ್ನೆರಡೇ ಮೀಟರ್! ಒಂದು ಬಸ್ಸಿನ ಉದ್ದ. ಖರ್ಚು 2.2 ಬಿಲಿಯನ್ ಪೌಂಡ್. ನಾವು ಊರಿಗೆ ಹೊರಡುವ ಹೊತ್ತಿಗೆ, ಸೆಪ್ಟೆಂಬರ್ 21ರಂದು, ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಗ್ಯಾಟ್ವಿಕ್ ಹೀಥ್ರೋ ಆಗುವುದಿಲ್ಲ, ಒಪ್ಪುತ್ತೇನೆ. ಒಂದು ವಿಮಾನದಿಂದ ಇಳಿದು ಇನ್ನೊಂದು ಹತ್ತುವವರಿಗೆ ಹೀಥ್ರೋನೇ ಬೇಕು. ಆದರೆ ಇದ್ದದ್ದನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಳ್ಳುವುದು ಮೊದಲು ಆಗಬೇಕಾದ ಕೆಲಸ. ಹೀಥ್ರೋಗೆ ಮೂರನೇ ರನ್‌ವೇ ಕಟ್ಟಿದರೂ ಅದರಲ್ಲಿ ಒಂದು ಪಾಲು ಸ್ಲಾಟನ್ನು ಯಾರಿಗೂ ಮಾರಬಾರದು. ಖಾಲಿ ಇಡಬೇಕು. ಕಟ್ಟಿದ ದಿನವೇ ಶೇ. 98 ತುಂಬಿಸುವುದಾದರೆ ಮೂರಲ್ಲ, ಐದು ರನ್‌ವೇ ಇದ್ದರೂ ವಿಮಾನ ಬೊವಿಂಗ್ಡನ್ ಮೇಲೆ ಸುತ್ತುವುದು ತಪ್ಪಲ್ಲ. ನಮ್ಮ ಬೆಂಗಳೂರಿಗೂ ಕನಕಪುರ ರಸ್ತೆ, ಕುಣಿಗಲ್ ರಸ್ತೆ ಅಂತ ಎರಡನೇ ನಿಲ್ದಾಣಕ್ಕೆ ಜಾಗ ನೋಡುತ್ತಿದ್ದಾರಲ್ಲ, ಅಲ್ಲಿಗೂ ಇದೇ ಮಾತು.

ಕೆಳಗೆ ಬದುಕುವವರ ವಿಷಯ. ಪಶ್ಚಿಮದ ಗಾಳಿ ಇದ್ದ ದಿನಗಳಲ್ಲಿ ಇಳಿಯುವ ರನ್‌ವೇಯನ್ನು ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಬದಲಿಸುತ್ತಾರೆ. ಒಂದು ವಾರ ಬೆಳಗಿನ ಪಾಳಿ ನಮ್ಮ ತಲೆ ಮೇಲೆ, ಮುಂದಿನ ವಾರ ಮಧ್ಯಾಹ್ನದ ಪಾಳಿ. ಮಗಳು ಬಟ್ಟೆ ಒಣಹಾಕುವುದು, ಊರಿಗೆ ಫೋನ್ ಮಾಡುವುದು ಎಲ್ಲಾ ಆ ಮೂರು ಗಂಟೆಯ ಮೇಲೆ ನಿಂತಿತ್ತು. ಮೂರಾದ ಮೇಲೆ ಹಿತ್ತಲಲ್ಲಿ ಗುಬ್ಬಿ ಸದ್ದು ಕೇಳುತ್ತಿತ್ತು. ನನಗೆ ಈ ನಿಲ್ದಾಣದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಒಂದು ನಿಯಮ. ಸದ್ದನ್ನು ಹಂಚಿಕೊಂಡು ಬದುಕುವುದು ದೊಡ್ಡ ಮಾತು. ಮೂರನೇ ರನ್‌ವೇ ಬಂದರೆ ಈ ಅರ್ಧ ದಿನದ ಬಿಡುವು ಎಷ್ಟು ಉಳಿಯುತ್ತದೆ ಅನ್ನೋದೇ ಅಕ್ಕಪಕ್ಕದವರ ಚಿಂತೆ.

ಜೂನ್ ತಿಂಗಳ ನಾಲ್ಕನೇ ಭಾನುವಾರ ಅಳಿಯ ನಮ್ಮನ್ನು ಹಾರ್ಮಂಡ್ಸ್‌ವರ್ತ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದರು. ಹೊಸ ರನ್‌ವೇಗೆ ಹೋಗುವ ಊರು ಅದು. ಡೇವಿಸ್ ಆಯೋಗದ ಲೆಕ್ಕದಲ್ಲಿ ಸುತ್ತಮುತ್ತ 783 ಮನೆಗಳು ಹೋಗುತ್ತವೆ. ಅಲ್ಲಿ 1426ರಲ್ಲಿ ಕಟ್ಟಿದ ದೊಡ್ಡ ಕಣಜ ಇದೆ, ಸುಮಾರು 58 ಮೀಟರ್ ಉದ್ದ. ಒಳಗೆ ಕಾಲಿಟ್ಟರೆ ತಂಪು, ಹಳೇ ಮರದ ವಾಸನೆ. ಓಕ್ ಮರದ ಕಂಬಗಳನ್ನು ನೆಲಕ್ಕೆ ಹೂಳಿಲ್ಲ, ಕಲ್ಲಿನ ಮೇಲೆ ನಿಲ್ಲಿಸಿದ್ದಾರೆ, ನಮ್ಮ ತೊಟ್ಟಿಮನೆ ಕಂಬಗಳ ಹಾಗೇ. ನಮ್ಮ ಮನೆಯವರು ಹೋಗಿ ಒಂದು ಕಂಬವನ್ನು ತಬ್ಬಿಕೊಂಡು, ‘ನಮ್ಮಜ್ಜಿ ಮನೆ ಕಂಬ ಹೀಗೇ ಇತ್ತು ಕಣ್ರೀ’ ಅಂದರು. ಈ ಕಣಜ ಉಳಿಯುತ್ತದಂತೆ. ರನ್‌ವೇ ಬೇಲಿ ಅದರ ಪಕ್ಕದವರೆಗೂ ಬರುತ್ತದೆ. ಕಣಜ ಇರುತ್ತದೆ, ಊರು ಇರಲ್ಲ. ಈಗಿನ ಹೀಥ್ರೋ ಹೆಸರೂ ಹಾಗೇ ಬಂದದ್ದು. ಹೀತ್ ರೋ ಅನ್ನುವ ಹಳ್ಳಿಯನ್ನು 1944ರಲ್ಲಿ ಕೆಡವಿ ಈ ನಿಲ್ದಾಣ ಕಟ್ಟಿದರು. ಜಾಗ ಕೊಡುವವರಿಗೆ ಪರಿಹಾರದ ಜೊತೆ ಅಕ್ಕಪಕ್ಕದ ಮನೆಯವರೆಲ್ಲಾ ಒಟ್ಟಿಗೆ ಇರುವಂಥ ಹೊಸ ಊರನ್ನೂ ಕಟ್ಟಿಕೊಡಬೇಕು. 49 ಬಿಲಿಯನ್ನಿನಲ್ಲಿ ಅದಕ್ಕೆ ಜಾಗ ಇರಲೇಬೇಕು.

ನನ್ನ ಅಂಕ: ಒಳಗಿನ ಸೇವೆಗೆ ಐದಕ್ಕೆ ಐದು, ಮೂರು ಗಂಟೆಯ ನಿಯಮಕ್ಕೆ ಐದು, ಟೈಮ್ ಟೇಬಲ್‌ಗೆ ಎರಡು. ಹೀಥ್ರೋದಲ್ಲಿ ವಿಮಾನ ಬದಲಿಸುವವರು ಎರಡು ಹಾರಾಟಗಳ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಗಾಲಿಕುರ್ಚಿಗೆ ಮೊದಲೇ ಹೇಳಿಡಿ. ಹಾರ್ಮಂಡ್ಸ್‌ವರ್ತ್ ಕಣಜ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಎರಡನೇ ಮತ್ತು ನಾಲ್ಕನೇ ಭಾನುವಾರ ಮಾತ್ರ ತೆರೆದಿರುತ್ತದೆ. ಟಿಕೆಟ್ ಇಲ್ಲ. ಕಣಜ ನೋಡಿ ಹಾಗೇ ಬರಬೇಡಿ, ಊರಿನ ಬೀದಿಯಲ್ಲೂ ಒಂದು ಸುತ್ತು ನಡೆದು ಬನ್ನಿ.