ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಸಿಂಕ್ ಸೆಂಟರ್ ತೆರೆದು ನೋಡಿ

ಚಿಕ್ಕಮಗಳೂರಿನ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಆರು ವಾರದ ಚೆಕ್‌ರೋಲ್ (ಆಳುಗಳ ಹಾಜರಿ, ಕೊಯ್ಲಿನ ಲೆಕ್ಕ) ಪೂರ್ತಿ ಹೋಯಿತು. ವೈರಸ್ ಬಂದಿರಲಿಲ್ಲ, ಹಾರ್ಡ್‌ಡಿಸ್ಕ್ ಕೆಟ್ಟಿರಲಿಲ್ಲ. ಸರ್ವರ್‌ನ ಫೋಲ್ಡರನ್ನು ಲ್ಯಾಪ್‌ಟಾಪಿನಲ್ಲಿ ‘ಆಲ್ವೇಸ್ ಅವೈಲಬಲ್ ಆಫ್‌ಲೈನ್’ (ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ) ಮಾಡಿ ಕೊಟ್ಟವರು, ಫೈಲು ನಿಜಕ್ಕೂ ಎಲ್ಲಿ ಕೂತಿರುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ, ಅಷ್ಟೆ. ತೋಟಕ್ಕೂ ಟೌನಿಗೂ ಇದೇ ಏರ್ಪಾಟು ಇಟ್ಟುಕೊಂಡಿರುವ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯವರು ದಯವಿಟ್ಟು ಪೂರ್ತಿ ಓದಿ.

ಸರ್ವರ್ ಇದ್ದದ್ದು ಟೌನ್ ಆಫೀಸಿನಲ್ಲಿ, ರೈಟರ (ತೋಟದ ಲೆಕ್ಕ ಬರೆಯುವವರ) ಲ್ಯಾಪ್‌ಟಾಪ್ ಇದ್ದದ್ದು ತೋಟದಲ್ಲಿ. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೈಟರು ದಿನಾ ಸಂಜೆ ಝಡ್ ಡ್ರೈವ್ (ಸರ್ವರ್‌ನ ಫೋಲ್ಡರ್ ಲ್ಯಾಪ್‌ಟಾಪಿನಲ್ಲಿ ಕಾಣುವ ಹೆಸರು) ತೆರೆದು ಎಕ್ಸೆಲ್‌ನಲ್ಲಿ ಆಳುಗಳ ಹಾಜರಿ, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅಂತ ತುಂಬುತ್ತಿದ್ದರು. ಶನಿವಾರ ಟೌನಿಗೆ ಬಂದು ಆಫೀಸಿನ ವೈಫೈಗೆ ಸೇರಿದರೆ ಎಲ್ಲ ತಾನಾಗಿಯೇ ಸರ್ವರ್‌ಗೆ ಹೋಗುತ್ತಿತ್ತು.

ಕೊಯ್ಲಿನ ನಡುವೆಯೇ ಹಳೇ ಸರ್ವರ್ ತೆಗೆದು ಹೊಸದು ಇಟ್ಟರು. ಹೊಸದಕ್ಕೆ ಹೊಸ ಹೆಸರು. ಟೌನಿನ ಕಂಪ್ಯೂಟರುಗಳಿಗೆಲ್ಲ ಡ್ರೈವ್ ಮತ್ತೆ ಮ್ಯಾಪ್ ಮಾಡಿದರು, ಅಂದರೆ ಹೊಸ ಸರ್ವರ್‌ಗೆ ಜೋಡಿಸಿದರು, ತೋಟದಲ್ಲಿದ್ದ ಲ್ಯಾಪ್‌ಟಾಪ್ ಯಾರಿಗೂ ನೆನಪಾಗಲಿಲ್ಲ. ಅದರಲ್ಲಿ ಝಡ್ ಡ್ರೈವ್ ಎಂದಿನಂತೆ ತೆರೆಯುತ್ತಿತ್ತು, ಫೈಲು ಸೇವ್ ಆಗುತ್ತಿತ್ತು, ಒಂದು ಎರರ್ ಕೂಡ ಕಣ್ಣಿಗೆ ಬೀಳಲಿಲ್ಲ. ವಾರದ ಬಟವಾಡೆಗೆ ಒಟ್ಟು ಮೊತ್ತ ವಾಟ್ಸಾಪ್‌ನಲ್ಲಿ ಬರುತ್ತಿದ್ದ ಕಾರಣ ಅಕೌಂಟ್ಸ್‌ನವರಿಗೂ ಅನುಮಾನ ಬರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ನಿಧಾನ ಆಯಿತೆಂದು ರಿಪೇರಿಗೆ ಹೋಯಿತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡಿ ಡ್ರೈವ್ ಬ್ಯಾಕಪ್ ತೆಗೆದು ಫಾರ್ಮ್ಯಾಟ್ ಮಾಡಿದರು. ಝಡ್ ಡ್ರೈವ್ ಹೇಗೂ ಸರ್ವರ್‌ನಲ್ಲಿ ಇದೆಯಲ್ಲ ಅಂತ ಎಲ್ಲರೂ ನಂಬಿದ್ದರು.

ಬೋನಸ್ ಲೆಕ್ಕಕ್ಕೆ ಆಳುವಾರು ವಿವರ ಬೇಕಾದಾಗ ಗೊತ್ತಾಯಿತು. ಹಾಜರಿ ಪುಸ್ತಕದಿಂದ ದಿನಗಳನ್ನೇನೋ ಮತ್ತೆ ಏರಿಸಿದರು. ಕೊಯ್ಲಿನ ತೂಕ ಬರೆದ ಚೀಟಿಗಳನ್ನು ಎಕ್ಸೆಲ್‌ಗೆ ಏರಿಸಿದ ದಿನವೇ ಎಸೆದಿದ್ದರು, ಆ ತೂಕ ವಾಪಸ್ ಬರಲೇ ಇಲ್ಲ. ಬೆಳಗಿಂದ ಸಂಜೆವರೆಗೆ ಬೆನ್ನು ಬಗ್ಗಿಸಿ ಕೊಯ್ದವರ ಲೆಕ್ಕ ಅದು.

ಹೀಗೇಕಾಯಿತು ಅಂದರೆ, ಆಫ್‌ಲೈನ್ ಪ್ರತಿ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಸಿಎಸ್‌ಸಿ ಎಂಬ ಜಾಗದಲ್ಲಿ. ಅಡ್ಮಿನ್ ಲಾಗಿನ್‌ನಲ್ಲೂ ಅದು ನೇರವಾಗಿ ತೆರೆಯುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿದರೆ ಅದು ಜೊತೆಗೆ ಬರುವುದಿಲ್ಲ. ಇನ್ನೊಂದು, ವಿಂಡೋಸ್ ಅದನ್ನು ಗುರುತಿಟ್ಟುಕೊಳ್ಳುವುದು ಸರ್ವರ್ ಹೆಸರು, ಶೇರ್ (ಹಂಚಿಕೊಂಡ ಫೋಲ್ಡರ್) ಹೆಸರಿನ ಮೇಲೆ. ಹೆಸರು ಬದಲಾದರೆ ಅದರ ಪಾಲಿಗೆ ಹಳೇ ಸರ್ವರ್ ಇನ್ನೂ ಸಿಗುತ್ತಿಲ್ಲ ಅಷ್ಟೆ, ಸಿಗುವವರೆಗೂ ಕಾಯುತ್ತದೆ. ಒಂದೇ ಸರ್ವರನ್ನು ಒಮ್ಮೆ ಹೆಸರಿನಲ್ಲಿ, ಒಮ್ಮೆ ಐಪಿ ನಂಬರಿನಲ್ಲಿ ಮ್ಯಾಪ್ ಮಾಡಿದರೂ ಅದು ಎರಡು ಬೇರೆ ಸರ್ವರ್ ಅಂತಲೇ ಲೆಕ್ಕ.

ಸರ್ವರ್‌ಗೆ ಹೋಗಿದೆಯೋ ಇಲ್ಲವೋ ತಿಳಿಯಲು ನಂಬಬಹುದಾದ ಪರೀಕ್ಷೆ ಒಂದೇ. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬದಲಿಸಿ ಸೇವ್ ಮಾಡಿ, ಅದೇ ಫೈಲನ್ನು ಆಫೀಸಿನ ಬೇರೆ ಕಂಪ್ಯೂಟರಿನಲ್ಲಿ ತೆರೆದು ಆ ಸಾಲು ಬಂದಿದೆಯಾ ನೋಡಿ. ಶನಿವಾರ ಎರಡು ನಿಮಿಷದ ಕೆಲಸ. ವಿಂಡೋಸ್ 10ರಲ್ಲಿ ಎಕ್ಸ್‌ಪ್ಲೋರರ್‌ನ ಡೀಟೇಲ್ಸ್ ಪೇನ್ ತೆರೆದು ಫೋಲ್ಡರ್ ಮೇಲೆ ಒತ್ತಿದರೆ ‘ಆಫ್‌ಲೈನ್ ಸ್ಟೇಟಸ್’ ಕಾಣುತ್ತದೆ. ಆಫೀಸಿನಲ್ಲಿ ಕೂತಿದ್ದರೂ ‘ನಾಟ್ ಕನೆಕ್ಟೆಡ್’ ಅಂತಿದ್ದರೆ ಅಲ್ಲಿಗೇ ನಿಲ್ಲಿಸಿ, ವಿಚಾರಿಸಿ. ‘ಸ್ಲೋ ಕನೆಕ್ಷನ್’ ಅಂತ ತೋರಿಸಿದರೆ ಗಾಬರಿ ಬೇಡ. ವಿಂಡೋಸ್ 8ರಿಂದ ಈಚೆಗೆ, ಸರ್ವರ್ ಉತ್ತರ ಕೊಡಲು 35 ಮಿಲಿಸೆಕೆಂಡಿಗಿಂತ ಹೆಚ್ಚು ತಗೊಂಡರೆ ಲೋಕಲ್ ಪ್ರತಿಯಲ್ಲೇ ಕೆಲಸ ನಡೆಯುತ್ತದೆ, ಸಿಂಕ್ ಆಗುವುದು, ಅಂದರೆ ಎರಡೂ ಕಡೆಯ ಪ್ರತಿ ಸರಿಹೊಂದುವುದು, ಸುಮಾರು 2 ಗಂಟೆಗೊಮ್ಮೆ. ತೋಟದಿಂದ ವಿಪಿಎನ್‌ನಲ್ಲಿ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್‌ಗೆ) ಸೇರುವವರಿಗೆ ಹೀಗಾಗುವುದು ಸಹಜ. ಸೇವ್ ಮಾಡಿದ ತಕ್ಷಣ ಟೌನಿನವರಿಗೆ ಕಾಣಲಿಲ್ಲ ಅಂತ ಅಲ್ಲಿ ಅವರೂ ಅದೇ ಫೈಲ್ ತಿದ್ದಿದರೆ ಕಾನ್‌ಫ್ಲಿಕ್ಟ್ ಬೀಳುತ್ತದೆ, ಅಂದರೆ ಎರಡು ಪ್ರತಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾನ್‌ಫ್ಲಿಕ್ಟ್ ಬಿದ್ದಾಗ ಎರಡೂ ಪ್ರತಿ ಇಟ್ಟುಕೊಳ್ಳಿ, ಅವಸರದಲ್ಲಿ ಒಂದನ್ನು ಆರಿಸಿದರೆ ಇನ್ನೊಬ್ಬರ ಕೆಲಸ ಹೋಗುತ್ತದೆ.

ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಆ ಲ್ಯಾಪ್‌ಟಾಪ್ ಬಳಸುವವರ ಲಾಗಿನ್‌ನಲ್ಲೇ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಿಂಕ್ ಸೆಂಟರ್ ತೆರೆಯಿರಿ. ಕಾನ್‌ಫ್ಲಿಕ್ಟ್, ಎರರ್ ಇದ್ದರೆ ಅಲ್ಲಿ ಕಾಣುತ್ತವೆ. ಆಮೇಲೆ ಎಡಗಡೆ ‘ಮ್ಯಾನೇಜ್ ಆಫ್‌ಲೈನ್ ಫೈಲ್ಸ್’, ಅದರೊಳಗೆ ‘ವ್ಯೂ ಯುವರ್ ಆಫ್‌ಲೈನ್ ಫೈಲ್ಸ್’. ಸರ್ವರ್‌ಗಳ ಹೆಸರು ಒಂದರ ಕೆಳಗೊಂದು ಬರುತ್ತವೆ, ಈಗ ಬಳಕೆಯಲ್ಲಿಲ್ಲದ ಹೆಸರೂ ಇರಬಹುದು. ಒಂದೊಂದನ್ನೂ ತೆರೆದು ಫೋಲ್ಡರುಗಳನ್ನು ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಚೆಕ್‌ರೋಲ್ ಹೋದ ಆಫೀಸಿನಲ್ಲಿ ಇಷ್ಟು ಮಾಡಿದ್ದರೆ ಸಾಕಿತ್ತು.

ಸಿಂಕ್ ಕೆಟ್ಟಾಗ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗುಗಳ ಪಟ್ಟಿ) ‘ಫಾರ್ಮ್ಯಾಟ್ ಡೇಟಾಬೇಸ್’ ಎಂಟ್ರಿಗೆ 1 ಕೊಟ್ಟು ರೀಸ್ಟಾರ್ಟ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಸಿಂಕ್ ಸರಿಹೋಗುತ್ತದೆ, ನಿಜ. ಆದರೆ ಆ ಆದೇಶ ಇಡೀ ಆಫ್‌ಲೈನ್ ಸಂಗ್ರಹವನ್ನೇ ಅಳಿಸುತ್ತದೆ, ಸರ್ವರ್‌ಗೆ ಇನ್ನೂ ಹೋಗದೇ ಇದ್ದದ್ದೂ ಅದರ ಜೊತೆ ಹೋಗುತ್ತದೆ. ಮೇಲೆ ಹೇಳಿದ ಕಾಪಿ ತೆಗೆಯದೆ ಆ ಕೆಲಸಕ್ಕೆ ಕೈಹಾಕಲೇಬೇಡಿ.

ಸರ್ವರ್ ಬದಲಿಸುವವರು ಹೊಸದಕ್ಕೆ ಹಳೇ ಹೆಸರನ್ನೇ, ಹಳೇ ಶೇರ್ ಹೆಸರನ್ನೇ ಕೊಟ್ಟರೆ ತೊಂದರೆ ಬಹಳ ಕಮ್ಮಿ. ಆಗದಿದ್ದರೆ ಹಳೇ ಸರ್ವರ್ ಆಫ್ ಮಾಡುವ ಮುಂಚೆ ಹೊರಗಿರುವ ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಆಫೀಸಿಗೆ ತರಿಸಿ. ‘ಸಿಂಕ್ ಆಲ್’ ಒತ್ತಿ, ಬೇರೆ ಕಂಪ್ಯೂಟರಿನಲ್ಲಿ ಫೈಲು ನೋಡಿ ಖಾತ್ರಿ ಮಾಡಿಕೊಂಡು, ಆಫ್‌ಲೈನ್ ಟಿಕ್ ತೆಗೆದು, ಆಮೇಲೆ ಹೊಸ ಸರ್ವರ್‌ಗೆ ಮ್ಯಾಪ್ ಮಾಡಿ ಮತ್ತೆ ಟಿಕ್ ಹಾಕಿ. ಒಂದು ಲ್ಯಾಪ್‌ಟಾಪ್ ಬಾಕಿ ಇದ್ದರೂ ಹಳೇ ಸರ್ವರ್ ಆಫ್ ಮಾಡಬೇಡಿ.

ಹೊಸ ಲ್ಯಾಪ್‌ಟಾಪ್ ತರುವವರಿಗೆ ಒಂದು ಮಾತು: ಈ ಸೌಲಭ್ಯ ವಿಂಡೋಸ್ ಹೋಮ್‌ನಲ್ಲಿ ಇಲ್ಲ, ಪ್ರೊ ಬೇಕು. ವಿಂಡೋಸ್ 11ರಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಅವೈಲಬಲ್ ಆಫ್‌ಲೈನ್’ ಅನ್ನು ‘ಶೋ ಮೋರ್ ಆಪ್ಷನ್ಸ್’ ಒಳಗೆ ಹುಡುಕಿ.

ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ, ಆಕ್ಸೆಸ್ (ಡೇಟಾಬೇಸ್) ಫೈಲು ಇರುವ ಫೋಲ್ಡರನ್ನು ಮಾತ್ರ ಯಾವತ್ತೂ ಆಫ್‌ಲೈನ್ ಮಾಡಬೇಡಿ. ಒಂದೇ ಡೇಟಾವನ್ನು ಇಬ್ಬರು ಆಫ್‌ಲೈನ್‌ನಲ್ಲಿ ತೆರೆದರೆ ಒಬ್ಬರು ಬರೆಯುತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಸಿಂಕ್ ಆಗುವಾಗ ಫೈಲಿಗೆ ಫೈಲೇ ಅದಲುಬದಲು ಆಗುತ್ತದೆ. ಇದನ್ನು ಸರ್ವರ್‌ನಲ್ಲೇ ತಡೆಯಬಹುದು. ಆ ಫೋಲ್ಡರಿನ ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಕ್ಯಾಶಿಂಗ್‌ಗೆ ಹೋಗಿ ‘ನೋ ಫೈಲ್ಸ್’ ಎಂದು ಶುರುವಾಗುವ ಆಯ್ಕೆ ಒತ್ತಿ ಓಕೆ ಕೊಡಿ. ಚೆಕ್‌ರೋಲ್ ಶೇರ್‌ಗೆ ಮೊದಲನೇ ಆಯ್ಕೆ ಹಾಗೇ ಇರಲಿ.