ಎರಡು ಮಳೆಗಾಲ ಕಂಡ 40 ವ್ಯಾಟ್ ಪ್ಯಾನೆಲ್: 5ಕ್ಕೆ 3

ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಆನೆ ಕಾಟಕ್ಕೆ ಸೋಲಾರ್ ಬೇಲಿ ಹಾಕಿಸಿದ್ದೆ, ಅದರ ಬ್ಯಾಟರಿಗೆ ತಂದದ್ದು ಈ 40 ವ್ಯಾಟ್ ಪ್ಯಾನೆಲ್. ಕಂಪನಿ ಹೆಸರು ಬರೆಯುವುದಿಲ್ಲ. ಅಂಗಡಿಯವರು ಪರಿಚಯದವರು, ಸಂತೆ ದಿನ ಮತ್ತೆ ಮುಖ ನೋಡಬೇಕಲ್ವಾ.

ಮೊದಲ ವರ್ಷ ತಪ್ಪು ಹೇಳುವ ಹಾಗಿಲ್ಲ. ಬಿಸಿಲಿಗೆ ಮೀಟರ್ ಹಿಡಿದರೆ 21 ವೋಲ್ಟ್ ಆಸುಪಾಸು ಬರುತ್ತಿತ್ತು. ಎರಡನೇ ವರ್ಷ ಕಕ್ಕಡ ಮಾಸದ ಜಡಿಮಳೆ ಮುಗಿಯುವ ಹೊತ್ತಿಗೆ ಬ್ಯಾಟರಿ ರಾತ್ರಿ ಎಂಟಕ್ಕೇ ಮಲಗತೊಡಗಿತು. ಮೋಡಕ್ಕೆ ಹೀಗಾಗಿದೆ ಅಂತ ಸುಮ್ನೆ ಇದ್ದೆ. ಬಿಸಿಲು ಬಂದ ಮೇಲೂ ಅದೇ ಕಥೆ. ಇಳಿಸಿ ನೋಡಿದರೆ ಗಾಜಿಗೆ ಒಂದು ಗೀರೂ ಇಲ್ಲ, ಆದರೆ ಒಂದು ಮೂಲೆಯಲ್ಲಿ ಫ್ರೇಮಿನ ಪಕ್ಕ ಬಿಳಿ ಮಬ್ಬು, ಹಿಂದಿನ ಜಂಕ್ಷನ್ ಬಾಕ್ಸ್, ಅಂದರೆ ವೈರ್ ಜೋಡಿಸುವ ಡಬ್ಬಿ, ಬಿಚ್ಚಿದರೆ ಒಳಗೆ ನೀರು, ತಂತಿಗೆಲ್ಲ ಹಸಿರು ಕಿಲುಬು. ಜೊತೆಗೆ ಒಂದು ಇರುವೆ ಗೂಡು, ಅದು ಫ್ರೀ.

ಕೈಲ್ ಪೊಳ್ದ್ ಹಬ್ಬದ ರಜೆಗೆ ಬಂದಿದ್ದ ಅಣ್ಣನ ಮಗಳು ಇದನ್ನು ನೋಡಿ ನಕ್ಕಳು. "ಚಿಕ್ಕಪ್ಪ, ನಮ್ಮ ಲ್ಯಾಬಿನ ಎಲೆಕ್ಟ್ರೋಡಿಗೂ ಇದೇ ಕಾಯಿಲೆ" ಅಂದಳು. ಅವಳದು ಬಿಸಿಲಿನಿಂದ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಕೆಲಸ. ನಮ್ಮ ಪ್ಯಾನೆಲ್‌ನ ಸಿಲಿಕಾನ್, ಅಂದರೆ ಬಿಸಿಲಿನಿಂದ ಕರೆಂಟ್ ಮಾಡುವ ವಸ್ತು, ಗಾಜಿನ ಹಿಂದೆ ಬೆಚ್ಚಗಿರುತ್ತದೆ, ಅವರ ಎಲೆಕ್ಟ್ರೋಡಿನ ಸಿಲಿಕಾನನ್ನು ನೀರಿನಲ್ಲೇ ಮುಳುಗಿಸಬೇಕು. ಬರಿ ಸಿಲಿಕಾನ್ ಆದರೆ ಆಕ್ಸಿಜನ್ ಬಿಡುವ ಕಡೆ ಆಕ್ಸೈಡ್ ಪದರ ಬೆಳೆದು ಕರೆಂಟೇ ನಿಂತುಬಿಡುತ್ತದೆ. ಅದಕ್ಕೆ ತೆಳು ಕವಚ ಹಾಕುತ್ತಾರೆ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದವರು 2014ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕವಚ ಹಾಕಿ ಕ್ಷಾರದ ನೀರಿನಲ್ಲಿ 100 ಗಂಟೆಗೂ ಜಾಸ್ತಿ ಓಡಿಸಿದರು, 2015ರಲ್ಲಿ 2200 ಗಂಟೆ ದಾಟಿಸಿದರು. ಲೆಕ್ಕ ಹಾಕಿದೆ, ಮೂರು ತಿಂಗಳು. ನಮ್ಮ ಒಂದು ಮಳೆಗಾಲಕ್ಕೂ ಸಾಲದು!

ಕವಚದಲ್ಲಿ ಕಣ್ಣಿಗೆ ಕಾಣದ ಒಂದು ತೂತಿದ್ದರೂ ಸಾಕಂತೆ. ಬೆಳಕಿದ್ದು ಕೆಲಸ ನಡೆಯುವಾಗ ಆ ತೂತಿನ ಬಾಯಿಗೆ ಆಕ್ಸೈಡ್ ಬೆಳೆದು ಹೇಗೋ ಮುಚ್ಚಿಕೊಳ್ಳುತ್ತದೆ, ಕತ್ತಲಾದ ಮೇಲೆ ಕ್ಷಾರ ಅಲ್ಲಿಂದಲೇ ಇಳಿದು ಸಿಲಿಕಾನನ್ನು ಕೊರೆಯುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಸತತ ಬೆಳಕಿನ ಕೆಳಗೆ ಬಾಳಿದ್ದು ಹಗಲು ರಾತ್ರಿ ಬದಲಾಗುವ ಅಂಗಳದಲ್ಲೂ ಅಷ್ಟೇ ಬಾಳುತ್ತದೆ ಅನ್ನುವ ಹಾಗಿಲ್ಲ.

ನನ್ನ ಪ್ಯಾನೆಲ್‌ನಲ್ಲೂ ಕೆಟ್ಟದ್ದು ಹೊದಿಕೆಯೇ, ಸಿಲಿಕಾನಿಗೆ ಏನೂ ಆಗಿಲ್ಲ. ಕೈ ಕೊಟ್ಟಿದ್ದು ಅಂಚಿನ ಅಂಟು ಮತ್ತು ಡಬ್ಬಿಯ ರಬ್ಬರ್. 25 ವರ್ಷ ವಾರಂಟಿ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದಾರಲ್ಲ, ಅದು ವ್ಯಾಟ್ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ. ಡಬ್ಬಿ, ಫ್ರೇಮಿಗೆ ಬೇರೆ ವಾರಂಟಿ, ತುಂಬ ಕಡಿಮೆ ವರ್ಷದ್ದು, ಅದು ಸಣ್ಣ ಅಕ್ಷರದಲ್ಲಿದೆ. ಅಂಗಡಿಯವರು ಮೊದಲು "ನೀವು ಕಟ್ಟಿದ ರೀತಿ ಸರಿಯಿಲ್ಲ" ಅಂದರು, ಆಮೇಲೆ ಅರ್ಧ ದುಡ್ಡಿಗೆ ಹೊಸ ಡಬ್ಬಿ ಕೊಟ್ಟರು. ಅರ್ಧ ತಪ್ಪು ನನ್ನದೂ ಹೌದು, ವೈರ್ ಬಾಯಿ ಮೇಲಕ್ಕೆ ಇಟ್ಟಿದ್ದೆ.

ತೆಗೆದುಕೊಳ್ಳುವವರು ಪ್ಯಾನೆಲ್ ತಿರುಗಿಸಿ ಹಿಂದಿನ ಡಬ್ಬಿ ನೋಡಿ. ಐಪಿ67 ಅಂತ ಇರಲಿ, ಅಂದರೆ ಧೂಳು, ನೀರು ಒಳಗೆ ಹೋಗದ ಡಬ್ಬಿ. ವೈರ್ ಬಾಯಿ ಕೆಳಗೆ ಬರುವ ಹಾಗೆ ಕಟ್ಟಿಸಿ, ವೈರನ್ನು ಸ್ವಲ್ಪ ಜೋತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬೇಲಿ ಈಗ ಟಕ್ ಟಕ್ ಅನ್ನುತ್ತಿದೆ. ಮೂಲೆಯ ಮಬ್ಬು ಮಾತ್ರ ಒಂದು ಬೆರಳು ಅಗಲ ಜಾಸ್ತಿಯಾಗಿದೆ, ಪೆನ್ನಲ್ಲಿ ಗೆರೆ ಹಾಕಿಟ್ಟಿದ್ದೇನೆ.