ಕೋಳಿ ಮರಿ ಮಷಿನ್‌ಗೆ ಯಾವ ಬ್ಯಾಟರಿ? ಟ್ಯೂಬ್ಯುಲರ್, ಟವರ್ ಬ್ಯಾಟರಿ, ಲಿಥಿಯಂ

ತತ್ತಿ ಮರಿ ಮಾಡುವ ಮಷಿನ್ ಇಟ್ಟುಕೊಂಡವರು ಕೇಳಿದರೆ ನಾನು ಹೇಳುವುದು ಒಂದೇ ಮಾತು. ಸೋಲಾರ್ ಜೊತೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿ. ಹಗುರ, ಬಾಳಿಕೆ ಜಾಸ್ತಿ, ನೀರು ಹಾಕುವ ಕೆಲಸವಿಲ್ಲ ಅನ್ನುವುದನ್ನೆಲ್ಲ ಅಂಗಡಿಯವರೇ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಅಂದರೆ ಬೇಗ ತುಂಬುತ್ತದೆ. ಬ್ಯಾಟರಿ ಕೊಳ್ಳುವಾಗ ಎಲ್ಲರೂ 'ಎಷ್ಟು ತಾಸು ಬ್ಯಾಕಪ್' ಅಂತ ಕೇಳುತ್ತಾರೆ, 'ಎಷ್ಟು ತಾಸಿನಲ್ಲಿ ತುಂಬುತ್ತದೆ' ಅಂತ ಕೇಳುವವರು ಕಡಿಮೆ.

ನಮ್ಮದು ವಿಜಯಪುರ ಜಿಲ್ಲೆಯ ಕೊಲ್ಹಾರದ ಕಡೆ ತೋಟದ ಮನೆ. ಜವಾರಿ ಮತ್ತು ಗಿರಿರಾಜ ಮರಿ ಮಾಡಿ ಮಾರುತ್ತೇವೆ. ಒಂದು ಕಡೆ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್‌ನ ಜಲವಿದ್ಯುತ್ ಕೇಂದ್ರ, ಇನ್ನೊಂದು ಕಡೆ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಉಷ್ಣ ಸ್ಥಾವರ. ಆದರೆ ತೋಟದ ಲೈನಿನ ಲೆಕ್ಕವೇ ಬೇರೆ. ಅದು ಪಂಪ್‌ಸೆಟ್ಟಿಗೆ ಅಂತ ಎಳೆದ ಲೈನ್. ತ್ರೀ ಫೇಸ್ ದಿನಕ್ಕೆ ಏಳು ತಾಸು, ಅದೂ ಪಾಳಿ ಪ್ರಕಾರ. ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು. ಮುಂಗಾರಿಗೆ ಮುಂಚಿನ ಗಾಳಿಗೆ ಎಲ್ಲಾದರೂ ತಂತಿ ಹರಿದರೆ ಮರುದಿನವೇ ಕರೆಂಟ್ ಕಾಣುವುದು.

ಮಷಿನ್ನಿಗೆ 21 ದಿನ 37.5 ಡಿಗ್ರಿ ಬೇಕು. ಹೀಟರ್, ಫ್ಯಾನ್, ತತ್ತಿ ಹೊರಳಿಸುವ ಮೋಟರ್ ಎಲ್ಲ ಸೇರಿ ಸರಾಸರಿ 400 ವ್ಯಾಟ್ ಎಳೆಯುತ್ತದೆ. ಮೊದಲ ವಾರದ ತತ್ತಿ ಸ್ವಲ್ಪ ತಣ್ಣಗಾದರೂ ತಡೆದುಕೊಳ್ಳುತ್ತದೆ. 18ನೇ ದಿನ ದಾಟಿದ ಮೇಲೆ ಆಟ ಉಲ್ಟಾ. ಒಳಗಿನ ಮರಿ ತಾನೇ ಶಾಖ ಬಿಡುತ್ತಿರುತ್ತದೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇರುವಾಗ ಫ್ಯಾನ್ ನಿಂತರೆ ಮಷಿನ್ ಬಾಗಿಲು ತೆಗೆದಿಟ್ಟು ರಟ್ಟಿನಿಂದ ಗಾಳಿ ಬೀಸುತ್ತಾ ಕೂರಬೇಕು. ಆ ಹೊತ್ತಿಗೆ ಒಂದೊಂದು ತತ್ತಿಯೂ ಬಹುಪಾಲು ಮರಿಯೇ ಆಗಿರುತ್ತದೆ, ಹೊಟ್ಟೆ ಉರಿಯುತ್ತದೆ.

ಮೊದಲು ಹಾಕಿಸಿದ್ದು ಟ್ಯೂಬ್ಯುಲರ್, ಅಂದರೆ ಆಗಾಗ ನೀರು ಹಾಕಬೇಕಾದ ಸೀಸ-ಆಸಿಡ್ ಬ್ಯಾಟರಿ. 12 ವೋಲ್ಟಿನ, 150 ಎಎಚ್‌ನ (ಆಂಪ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿ 48 ವೋಲ್ಟ್. ಮಾಳಿಗೆ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್. ರಾತ್ರಿ ಹತ್ತು ತಾಸಿಗೆ 4 ಯೂನಿಟ್ ಬೇಕು, ಬ್ಯಾಟರಿಯಲ್ಲಿ 7.2 ಯೂನಿಟ್ ಹಿಡಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ? ಮೊದಲ ವರ್ಷ ನಡೆದದ್ದೂ ಹಾಗೇ.

ತೊಂದರೆ ಇದ್ದದ್ದು ತುಂಬಿಸುವುದರಲ್ಲಿ. ಸೀಸ-ಆಸಿಡ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಪಾಲು ಚಾರ್ಜ್ ಕೊಡುವುದು ವಾಡಿಕೆ. ಅಂದರೆ 150 ಎಎಚ್‌ಗೆ 15 ಆಂಪ್. 48 ವೋಲ್ಟಿನಲ್ಲಿ ಅದು ಹೆಚ್ಚೆಂದರೆ 800 ವ್ಯಾಟ್. ಮಟಮಟ ಮಧ್ಯಾಹ್ನ ಪ್ಯಾನೆಲ್ 2,200 ವ್ಯಾಟ್ ಕೊಡಲು ತಯಾರಿರುತ್ತದೆ. ಮಷಿನ್ 400 ತಿನ್ನುತ್ತದೆ, ಬ್ಯಾಟರಿ 800 ತಗೊಳ್ಳುತ್ತದೆ, ಉಳಿದ ಬಿಸಿಲು ಸುಮ್ನೆ ಹೋಗುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಪ್ಯಾನೆಲ್‌ನ ಅರ್ಧ ಪಾಲು ನಡು ಮಧ್ಯಾಹ್ನದಲ್ಲೇ ಕೆಲಸವಿಲ್ಲದೆ ಕೂತಿರುತ್ತದೆ.

ಅದಕ್ಕಿಂತ ಕೆಟ್ಟದ್ದು ಕೊನೆಯ ಪಾಲು. ಗೋಣಿಚೀಲಕ್ಕೆ ಜೋಳ ತುಂಬಿದ ಹಾಗೆ, ಮುಕ್ಕಾಲು ಬೇಗ ತುಂಬುತ್ತದೆ, ಆಮೇಲೆ ಕುಕ್ಕಿ ಕುಕ್ಕಿ ಸುರಿಯಬೇಕು. ನೂರಕ್ಕೆ ಎಂಬತ್ತು ತುಂಬಿದ ಮೇಲೆ ಈ ಬ್ಯಾಟರಿ ತಗೊಳ್ಳುವ ಆಂಪ್ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಉಳಿದ ಇಪ್ಪತ್ತಕ್ಕೆ ಮೂರು-ನಾಲ್ಕು ತಾಸು ಹಿಡಿಯುತ್ತದೆ. ಒಳ್ಳೆಯ ಬಿಸಿಲು ಬೆಳಗ್ಗೆ ಒಂಬತ್ತೂವರೆಯಿಂದ ಮೂರೂವರೆವರೆಗೆ. ಕೊನೆಯ ಪಾಲಿನ ಪಾಳಿ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಸಂಜೆ ಅರೆಬರೆ ತುಂಬಿದ್ದನ್ನೇ ಮತ್ತೆ ರಾತ್ರಿ ಖಾಲಿ ಮಾಡಬೇಕು. ಆಷಾಢದ ಮೋಡದಲ್ಲಂತೂ ಕೇಳುವುದೇ ಬೇಡ.

ಪೂರ್ತಿ ತುಂಬದೆ ಉಳಿದ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ಕೂತದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಎರಡನೇ ಬೇಸಿಗೆಗೆ ನಮ್ಮ ಬ್ಯಾಕಪ್ ಅರ್ಧಕ್ಕೆ ಇಳಿಯಿತು. ಬ್ಯಾಟರಿ ಹುಡುಗ ಬಂದು ಒಂದೊಂದೇ ಮುಚ್ಚಳ ತಿರುವಿ, ಆಸಿಡ್ಡಿನ ಸಾಂದ್ರತೆ (ಗ್ರಾವಿಟಿ) ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟ. ಗಾಜಿನೊಳಗಿನ ತೇಲು 1.240ರ ಹತ್ತಿರ ನಿಲ್ಲಬೇಕು. ಎರಡು ಸೆಲ್‌ನಲ್ಲಿ 1.150 ದಾಟಲಿಲ್ಲ. 'ಅಣ್ಣಾರ, ಇದರಾಗ ಗ್ರಾವಿಟಿ ಏರವಲ್ದರಿ' ಅಂದ. ಆಂಪ್ ಏರಿಸಿ ನೋಡೋಣ ಅಂತ 20ಕ್ಕೆ ಇಟ್ಟೆವು. ಬ್ಯಾಟರಿ ಮುಟ್ಟಿದರೆ ಬಿಸಿ, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಖಾಲಿ. ವಿಜಯಪುರದ ಬೇಸಿಗೆ ಮೊದಲೇ ಈ ಬ್ಯಾಟರಿಗೆ ಆಗಿಬರುವುದಿಲ್ಲ. 25 ಡಿಗ್ರಿ ಮೇಲೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ ಅನ್ನುವುದು ಈ ಕೆಲಸದವರ ಲೆಕ್ಕ.

ಈಗ ಇರುವುದು 51.2 ವೋಲ್ಟ್, 100 ಎಎಚ್‌ನ ಲಿಥಿಯಂ. 3.2 ವೋಲ್ಟಿನ 16 ಸೆಲ್, ಒಟ್ಟು 5 ಯೂನಿಟ್ ಚಿಲ್ಲರೆ. ಕಾಗದದ ಮೇಲೆ ಟ್ಯೂಬ್ಯುಲರ್‌ಗಿಂತ ಸಣ್ಣದು, ಆದರೆ ನೂರಕ್ಕೆ ಎಂಬತ್ತು-ತೊಂಬತ್ತು ಬಳಸಿದರೂ ನಡೆಯುತ್ತದೆ. ಚಾರ್ಜ್ 40 ಆಂಪ್‌ಗೆ ಇಟ್ಟಿದ್ದೇನೆ. ಪ್ಯಾನೆಲ್ ಕೊಟ್ಟಷ್ಟನ್ನೂ ತಗೊಳ್ಳುತ್ತದೆ, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಬಿಸಿಲಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿರುತ್ತದೆ. ಮೋಡದ ದಿನ ಮೂರು ತಾಸು ಕರೆಂಟ್ ಬಂದರೂ ರಾತ್ರಿಗೆ ಆಗುವಷ್ಟು ಸೇರಿಕೊಳ್ಳುತ್ತದೆ. ಅರ್ಧ ತುಂಬಿ ಬಿಟ್ಟರೂ ಸೀಸದ ಬ್ಯಾಟರಿಯಂತೆ ಕೆಡುವುದಿಲ್ಲ. ಆಗೀಗ ಒಮ್ಮೆ ಪೂರ್ತಿ ತುಂಬಿಸಿದರೆ ಸೆಲ್‌ಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ, ಅಷ್ಟೇ.

ಇದಕ್ಕೂ ಒಂದು ಕಿರಿಕಿರಿ ಇದೆ. ಹಳೆಯ ಇನ್ವರ್ಟರ್ ವೋಲ್ಟ್ ನೋಡಿ ಚಾರ್ಜ್ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ಲಿಥಿಯಂ ವೋಲ್ಟ್ ಬಹಳ ಹೊತ್ತು ಒಂದೇ ಕಡೆ ನಿಂತಿರುತ್ತದೆ, ಕೊನೆಗೆ ದಡಕ್ಕನೆ ಬೀಳುತ್ತದೆ. ಹಾಗಾಗಿ ಪರದೆಯ ಮೇಲಿನ ಅಂಕಿ ನಂಬುವಂತಿಲ್ಲ. ಲಿಥಿಯಂ ಸೆಟ್ಟಿಂಗ್ ಇರುವ, ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಜೊತೆ ಕೇಬಲ್‌ನಲ್ಲಿ ಮಾತಾಡುವ ಇನ್ವರ್ಟರ್ ಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮತ್ತೆ, ಕೆಟ್ಟರೆ ನಮ್ಮ ಬ್ಯಾಟರಿ ಹುಡುಗ ಬಿಚ್ಚುವುದಿಲ್ಲ, ಕಂಪನಿಗೇ ಕಳಿಸಬೇಕು.

ಬೆಂಕಿಯ ಭಯ ಅವ್ವನಿಗೆ ಇತ್ತು. ಲಿಥಿಯಂಗಳಲ್ಲಿ ಐರನ್ ಫಾಸ್ಫೇಟ್ ಶಾಖಕ್ಕೆ ಹೆಚ್ಚು ತಡೆಯುತ್ತದೆ. ಆದರೂ ಭತ್ತದ ಹೊಟ್ಟು, ಮೇವು ಇರುವ ಕಡೆ ಇಡಬೇಡಿ. ನಾವು ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಇನ್ವರ್ಟರ್ ಪಕ್ಕದಲ್ಲೇ ಇಟ್ಟಿದ್ದೇವೆ. ಮೇ ತಿಂಗಳಲ್ಲೂ ಅಲ್ಲಿ ತಂಪು.

ಮೊಬೈಲ್ ಟವರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಬ್ಯಾಟರಿಯನ್ನು ನಮ್ಮ ಅತ್ತೆ ಮಗ ತಂದುಕೊಟ್ಟಿದ್ದ. ಅಗ್ಗ. ಆದರೆ ಸೀಲ್ ಮಾಡಿದ್ದು, ಶಾಖಕ್ಕೆ ಒಳಗೆ ಒಣಗಿದರೆ ನೀರು ಹಾಕಲು ದಾರಿಯಿಲ್ಲ. ಮರಿ ಮಷಿನ್‌ಗೆ ಬೇಡ.

ಜನರೇಟರ್ ಇರಲಿ, ಆದರೆ ಅದೊಂದನ್ನೇ ನಂಬಿದರೆ ರಾತ್ರಿ ಎರಡಕ್ಕೆ ಎದ್ದು ಹಗ್ಗ ಎಳೆಯುವವರು ಬೇಕು.

ರೊಕ್ಕದ ಮಾತು. ಟ್ಯೂಬ್ಯುಲರ್ ನಾಲ್ಕಕ್ಕೆ 60,000 ದಾಟಿತ್ತು. ಲಿಥಿಯಂ ಒಂದು ಲಕ್ಷದ ಮೇಲೆ. ನಮಗೆ ಒಂದು ತಂಡ ಮರಿ ಹೋದರೆ ಮೂರು ವಾರದ ದುಡಿಮೆ ಹೋದಂತೆ, ಗಿರಾಕಿಯೂ ಕೈಬಿಡುತ್ತಾನೆ. ಅದಕ್ಕೇ ಸೊಸೈಟಿಯಲ್ಲಿ ಸಾಲ ತೆಗೆದು ಲಿಥಿಯಂ ತಂದೆ. ಊರೊಳಗೆ ಇದ್ದು, ಕರೆಂಟ್ ದಿನಕ್ಕೆ ತಾಸು-ಅರ್ಧ ತಾಸು ಹೋಗುವವರಿಗೆ ಟ್ಯೂಬ್ಯುಲರ್ ಸಾಕು. ಉಳಿದ ಹೊತ್ತಿನಲ್ಲಿ ಅದು ನಿಧಾನವಾಗಿ ಪೂರ್ತಿ ತುಂಬಿಕೊಳ್ಳುತ್ತದೆ. ಹಳೆಯದಾದರೆ ಸೀಸದ ತೂಕಕ್ಕೆ ಅಂಗಡಿಯಲ್ಲೇ ವಾಪಸ್ ತಗೊಳ್ಳುತ್ತಾರೆ. ನಮ್ಮ ನಾಲ್ಕರಲ್ಲಿ ಸೆಲ್ ಸತ್ತ ಎರಡನ್ನು ಹಾಗೇ ಕೊಟ್ಟೆ. ಉಳಿದ ಎರಡು ಮನೆಯ ದೀಪ, ಫ್ಯಾನಿಗೆ ನಡೆಯುತ್ತಿವೆ.